“ಯಾವ ಲೂರ್ ಕಟ್ತೀರಿ?” ಅಂತ ಕೇಳುವವರಿಗೆ

ಡೆಟ್ರಾಯಿಟ್ ಸುತ್ತಮುತ್ತ ಕನ್ನಡದವರು ನಾಲ್ಕು ಜನ ಸೇರಿ, ಮಾತು ಮೀನಿನ ಕಡೆ ತಿರುಗಿದರೆ ಈ ಪ್ರಶ್ನೆ ಬಂದೇ ಬರುತ್ತೆ. “ಸಾರ್, ಲೇಕ್ ಸೇಂಟ್ ಕ್ಲೇರ್‌ನಲ್ಲಿ ಬಾಸ್ ಹಿಡಿಯೋಕೆ ಯಾವ ಲೂರ್ ಕಟ್ತೀರಿ?” ಲೂರ್ ಅಂದರೆ ಗಾಳಕ್ಕೆ ಸಿಕ್ಕಿಸುವ ನಕಲಿ ಎರೆ. ಕೇಳುವವರು ಅಷ್ಟರಲ್ಲಿ ಅಂಗಡಿಗೆ ಒಂದು ಸಲ ಹೋಗಿ ಬಂದಿರುತ್ತಾರೆ. ಗೋಡೆ ತುಂಬ ನೇತುಹಾಕಿದ ರಬ್ಬರ್ ಹುಳು, ಪ್ಲಾಸ್ಟಿಕ್ ಮೀನು, ಮಿಂಚುವ ತಗಡು ನೋಡಿ ತಲೆ ಕೆಟ್ಟಿರುತ್ತೆ. ಒಂದು ಹೆಸರು ಹೇಳಿಬಿಟ್ಟರೆ ಕೊಂಡು ತಂದುಬಿಡೋಣ ಅಂತ ಅವರ ಲೆಕ್ಕ.

ನನ್ನ ಉತ್ತರ ಇಷ್ಟೇ. ಡ್ರಾಪ್ ಶಾಟ್ ಕಟ್ಟಿ, ಅಂದರೆ ಗಾಳ ಮೇಲೆ, ಸೀಸ ಕೆಳಗೆ. ಆದರೆ ಲೂರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅದರ ಕೆಳಗೆ ನೇತಾಡುವ ಸೀಸದ ಬಗ್ಗೆ ಕೆಡಿಸಿಕೊಳ್ಳಿ.

ಇದನ್ನು ಕೇಳಿದವರು ಸಾಮಾನ್ಯವಾಗಿ ಸುಮ್ಮನಾಗುತ್ತಾರೆ, ಅಥವಾ ನಾನು ಗುಟ್ಟು ಬಿಡ್ತಿಲ್ಲ ಅಂದ್ಕೊಳ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಆ ಕೆರೆ ಎಂಥದ್ದು ನೋಡಿ. ಹ್ಯೂರಾನ್ ಮತ್ತು ಈರಿ ಸರೋವರಗಳ ನಡುವೆ ಇರುವ ಸೇಂಟ್ ಕ್ಲೇರ್ ಸುಮಾರು 1,100 ಚದರ ಕಿಲೋಮೀಟರ್ ಇದೆ. ನಮ್ಮ ಲಿಂಗನಮಕ್ಕಿ ತುಂಬಿ ನಿಂತಾಗಿನ ನೀರಿಗಿಂತ ಮೂರು ಪಟ್ಟಿಗೂ ಜಾಸ್ತಿ. ಆದರೆ ಆಳ? ಸರಾಸರಿ 11 ಅಡಿ. ದೊಡ್ಡ ಹಡಗುಗಳು ಹೋಗಲಿ ಅಂತ ಹೂಳೆತ್ತಿದ ಕಾಲುವೆಯಲ್ಲೂ 27 ಅಡಿ ಅಷ್ಟೇ. ನೀರಿನ ಮೇಲೆ ನಿಂತು ನೋಡಿದರೆ ಎಲ್ಲಾ ಕಡೆ ಒಂದೇ ಥರ. ಮರದ ಕೊರಡಿಲ್ಲ, ಬಂಡೆ ತಲೆ ಎತ್ತಿಲ್ಲ, ಇಂಥ ಕಡೆ ಎಸೆಯೋಣ ಅಂತ ಕಣ್ಣಿಗೆ ಏನೂ ಹೇಳೋದಿಲ್ಲ. ಎಸೆದು ಸುತ್ತುವ, ಮತ್ತೆ ಎಸೆದು ಸುತ್ತುವ ಹಳೇ ಅಭ್ಯಾಸದವರು ಇಲ್ಲಿ ದಿನವಿಡೀ ಖಾಲಿ ನೀರನ್ನೇ ಬಾಚುತ್ತಿರುತ್ತಾರೆ.

ಇನ್ನೊಂದು ವಿಷಯ. ಈ ನೀರು ಮೊದಲು ಇಷ್ಟು ತಿಳಿಯಾಗಿರಲಿಲ್ಲ. 1988ರಲ್ಲಿ ಜೀಬ್ರಾ ಮಸೆಲ್ ಎಂಬ ಪಟ್ಟೆಪಟ್ಟೆ ಚಿಪ್ಪುಜೀವಿ ಇದೇ ಕೆರೆಯಲ್ಲಿ ಕಾಣಿಸಿಕೊಂಡಿತು. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯದು. ಹಡಗುಗಳು ತೂಕಕ್ಕೆಂದು ಹೊಟ್ಟೆಯಲ್ಲಿ ತುಂಬಿಕೊಂಡು ಬರುವ ನೀರಿನಲ್ಲಿ ಬಂದದ್ದು. ಉಗುರಿನಷ್ಟು ಇರುವ ಒಂದೊಂದೂ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಸೋಸುತ್ತೆ. ಕೋಟಿಗಟ್ಟಲೆ ಸೇರಿದರೆ ಏನಾಗಬೇಕು? ನೀರು ತಿಳಿಯಾಯಿತು, ಬಿಸಿಲು ತಳ ಮುಟ್ಟಿತು, ಜೊಂಡು, ಕಳೆ ಹುಲುಸಾಗಿ ಬೆಳೆದವು. ಅದರ ಹಿಂದೆಯೇ, 1990ರಲ್ಲಿ, ಪಕ್ಕದ ಸೇಂಟ್ ಕ್ಲೇರ್ ನದಿಯಲ್ಲಿ ರೌಂಡ್ ಗೋಬಿ ಎಂಬ ಸಣ್ಣ ಮೀನು ಸಿಕ್ಕಿತು. ಅದೂ ಅದೇ ದಾರಿಯಲ್ಲಿ ಬಂದ ಪರದೇಶಿ. ಈ ಗೋಬಿ ಮಸೆಲ್ ತಿನ್ನುತ್ತೆ, ಸ್ಮಾಲ್‌ಮೌತ್ ಬಾಸ್ ಗೋಬಿಯನ್ನು ತಿನ್ನುತ್ತೆ. ಇವತ್ತು ಅಲ್ಲಿ ಸಿಗುವ ದುಂಡನೆಯ ಕಂಚಿನ ಬಣ್ಣದ ಬಾಸ್‌ಗಳ ಹೊಟ್ಟೆಯಲ್ಲಿ ಇರೋದು ಹೆಚ್ಚಾಗಿ ಇದೇ.

ಗೋಬಿಗೆ ಗಾಳಿಚೀಲ ಇಲ್ಲ. ಹಾಗಾಗಿ ತೇಲಿಕೊಂಡು ಇರೋಕೆ ಆಗೋದಿಲ್ಲ. ತಳದಲ್ಲಿ ಕೂತಿರುತ್ತೆ, ಪುಸಕ್ಕನೆ ಒಂದು ಗೇಣು ಓಡುತ್ತೆ, ಮತ್ತೆ ಕೂರುತ್ತೆ. ಬಾಸ್‌ನ ಕಣ್ಣು ತಳದ ಮೇಲೆ ಇರೋದು ಅದಕ್ಕೇ. ಅಂದಮೇಲೆ ನಮ್ಮ ಲೂರ್ ಎಲ್ಲಿರಬೇಕು? ತಳದಿಂದ ಸ್ವಲ್ಪವೇ ಮೇಲೆ, ಹೆಚ್ಚು ಓಡದೆ. ಡ್ರಾಪ್ ಶಾಟ್ ಮಾಡೋದು ಇದನ್ನೇ. ಜಪಾನಿನ ಬಾಸ್ ಗಾಳದವರ ಕೈಯಲ್ಲಿ ಪಳಗಿ, 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕಕ್ಕೆ ಬಂದ ವಿಧಾನ ಇದು. ಲೈನಿನ ತುದಿಗೆ ಸೀಸ, ಅದರ ಮೇಲೆ ಗಾಳ. ಎಲ್ಲರೂ ಕಟ್ಟುವುದಕ್ಕೆ ತಲೆಕೆಳಗು.

ಕಟ್ಟೋದು ಹೀಗೆ. ಲೈನನ್ನು ಮಡಿಚಿ, ಆ ಜೋಡಿ ಎಳೆಯನ್ನು ಗಾಳದ ಕಣ್ಣಿನೊಳಗೆ ತೂರಿಸಿ. ಸಡಿಲವಾಗಿ ಒಂದು ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಗಾಳವನ್ನು ಹಾಯಿಸಿ. ಎಂಜಲು ಹಚ್ಚಿ ನಿಧಾನಕ್ಕೆ ಬಿಗಿ ಮಾಡಿ, ಒಣಗಿದ್ದಾಗ ಎಳೆದರೆ ಲೈನ್ ಸುಟ್ಟ ಹಾಗೆ ಸುರುಳಿ ಬರುತ್ತೆ. ಕೆಳಗೆ ಉಳಿದ ಬಾಲವನ್ನು ಗಾಳದ ಮೊನೆ ಇರುವ ಕಡೆಯಿಂದ ಮತ್ತೊಮ್ಮೆ ಕಣ್ಣಿನೊಳಗೆ ಇಳಿಸಿ. ಈ ಕೊನೆಯ ಕೆಲಸ ಬಿಡಬೇಡಿ. ಗಾಳ ಲೈನಿಗೆ ಅಡ್ಡವಾಗಿ, ಮೊನೆ ಮೇಲಾಗಿ ನಿಲ್ಲೋದು ಇದರಿಂದಲೇ. ಬಾಲದ ತುದಿಗೆ ಕಾಲು ಅಥವಾ ಅರ್ಧ ಔನ್ಸ್ ಸೀಸ. ಮೂರು ಇಂಚಿನ ಮೆತ್ತನೆ ರಬ್ಬರ್ ಮೀನನ್ನು ಮೂತಿಯಲ್ಲಿ ಮಾತ್ರ ಚುಚ್ಚಿ. ಬಣ್ಣ ಮಣ್ಣುಹಸಿರು ಇರಲಿ. ಆಯ್ತು, ಲೂರಿನ ಬಗ್ಗೆ ನಾನು ಹೇಳಬೇಕಾದ್ದು ಅಷ್ಟೇ. ನೀರು ತಿಳಿಯಾದ್ದರಿಂದ ಕೊನೆಯ ಒಂದೆರಡು ಮಾರು 8 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ಲೈನ್ ಹಾಕಿ, ಅದು ಅಷ್ಟಾಗಿ ಕಾಣಲ್ಲ.

ಗೋಬಿ ತಿನ್ನುವ ಮೀನಿಗೆ, ಗಾಳದಿಂದ ಸೀಸದವರೆಗಿನ ಬಾಲ ಐದಾರು ಇಂಚು ಸಾಕು. ಅದು ಶೈನರ್, ಪರ್ಚ್ ಎಂಬ ಬೇರೆ ಮೀನುಗಳ ಮರಿಗಳ ಹಿಂದೆ ಬಿದ್ದಿದ್ದರೆ ಒಂದೂವರೆ ಅಡಿ.

ಈಗ ಸೀಸದ ಮಾತು. ಅದು ತಳ ಮುಟ್ಟಿದ ಕೂಡಲೇ ಲೈನ್ ಸಡಿಲವಾಗುತ್ತೆ. ಆ ಸಡಿಲನ್ನು ಸುತ್ತಿಕೊಂಡು, ಬಿಗಿಯೂ ಅಲ್ಲ ಜೋಲೂ ಅಲ್ಲ ಅನ್ನುವ ಹದಕ್ಕೆ ತನ್ನಿ. ದೋಣಿಯನ್ನು ಗಾಳಿಗೆ ಬಿಡಿ, ಸೀಸ ಹಿಂದೆ ಹಿಂದೆ ಎಳೆದುಕೊಂಡು ಬರಲಿ. ಕತ್ತಲಲ್ಲಿ ಗೋಡೆ ಸವರುತ್ತಾ ಸ್ವಿಚ್ ಹುಡುಕುತ್ತೇವಲ್ಲ, ಅದೇ ಕೆಲಸ. ಮರಳಾದರೆ ರಾಡ್‌ಗೆ ಏನೂ ಗೊತ್ತಾಗದ ಹಾಗೆ ಜಾರುತ್ತೆ. ಕಳೆ ಇದ್ದರೆ ಮೆತ್ತಗೆ ತಡೆದು ಬಿಡುತ್ತೆ. ಕಲ್ಲಿಗೆ ಟಕ್ ಅನ್ನುತ್ತೆ. ಮಸೆಲ್ ಹಾಸಿದ ತಳವಾದರೆ ಕರಕರ ಅಂತ ಬೆರಳಿಗೇ ಬರುತ್ತೆ. ಜಾರುತ್ತಿದ್ದದ್ದು ಕರಕರಕ್ಕೆ ಬದಲಾಯ್ತಾ, ಅಲ್ಲಿ ನಿಲ್ಲಿ. ಕಳೆ ಮುಗಿದು ಮರಳು ಶುರುವಾಯ್ತಾ, ಅಲ್ಲೂ ನಿಲ್ಲಿ. ಅಂಥ ಅಂಚಿನಲ್ಲೇ ಬಾಸ್ ಕಾಯೋದು. ಜಿಪಿಎಸ್‌ನಲ್ಲಿ ಗುರುತು ಹಾಕಿ, ಮತ್ತೆ ಮೇಲ್ಗಾಳಿಗೆ ಹೋಗಿ ಅದೇ ಗೆರೆಯಲ್ಲಿ ಬನ್ನಿ. ಗಾಳಿ ಜೋರಿದ್ದರೆ ದೋಣಿಗೆ ಡ್ರಿಫ್ಟ್ ಸಾಕ್, ಅಂದರೆ ನೀರಲ್ಲಿ ಎಳೆದುಕೊಂಡು ಬರುವ ಬಟ್ಟೆಚೀಲ, ಕಟ್ಟಿ ನಿಧಾನ ಮಾಡಿಕೊಳ್ಳಿ. ಆಳ ಕಡಿಮೆ ಇರುವ ಕೆರೆ, ಅಲೆ ಏಳೋಕೆ ಹೊತ್ತು ಬೇಡ. ಕಯಾಕ್‌ನವರು ಇದನ್ನು ಎರಡು ಸಲ ಓದಿ.

ನಿಂತಾಗ ಕುಣಿಸಲೇಬೇಕು ಅಂತೇನಿಲ್ಲ. ಅಲೆಗೆ ದೋಣಿ ಅಲುಗಿದರೆ ಲೂರ್ ತಾನೇ ನಡುಗುತ್ತೆ. ಕಚ್ಚಿದಾಗ ಜಗ್ಗು ಬರದೇ ಇರಬಹುದು, ಸುಮ್ನೆ ಭಾರ ಅನಿಸುತ್ತೆ. ಆಗ ಭುಜದಿಂದ ಎಳೆಯಬೇಡಿ. ರೀಲ್ ಸುತ್ತುತ್ತಾ ರಾಡ್ ಎತ್ತಿ, ಗಾಳ ಸಣ್ಣದು, ತಾನೇ ಕೂರುತ್ತೆ.

ತಮಾಷೆ ಅಂದರೆ, ಇದನ್ನು ಬೇಗ ಕಲಿಯೋರು ಊರಲ್ಲಿ ಬೆಂಡು ಕಟ್ಟಿ, ಎರೆಹುಳು ಚುಚ್ಚಿ, ಹಳ್ಳದ ದಂಡೆ ಮೇಲೆ ಕೂತವರು. ಅವರಿಗೆ ಕಾಯೋದು ಗೊತ್ತು. ಇಲ್ಲಿಗೆ ಬಂದ ಮೇಲೆ ವಿಡಿಯೋ ನೋಡಿ ಶುರು ಮಾಡಿದವರಿಗೆ ಕೈ ಸುಮ್ಮನೆ ಇಡೋದೇ ದೊಡ್ಡ ಕಷ್ಟ.

ಮುಂದಿರುವ ಮೀನನ್ನು ಆಗಿಂದಾಗಲೇ ತೆರೆಯ ಮೇಲೆ ತೋರಿಸುವ ಹೊಸ ಸೋನಾರ್ ಬೇಕಾ ಅಂತಲೂ ಕೇಳ್ತಾರೆ. ದುಡ್ಡಿದ್ದರೆ ತಗೊಳ್ಳಿ, ನನಗೆ ಜಗಳವಿಲ್ಲ. ಆದರೆ ಹನ್ನೆರಡು ಅಡಿ ನೀರಲ್ಲಿ, ಕಳೆಯ ನಡುವೆ, ಅದರಿಂದ ಸಿಗೋ ಲಾಭ ಕಡಿಮೆ. ಮೊದಲ ವರ್ಷ ಅದೇ ದುಡ್ಡಲ್ಲಿ ಒಳ್ಳೆಯ ರಾಡ್ ತಗೊಳ್ಳಿ, ಮಿಕ್ಕಿದ್ದು ಜೇಬಲ್ಲಿರಲಿ.

ಒಂದು ಕೋರಿಕೆ ಇದೆ. ವಸಂತದಲ್ಲಿ ನೀರು 15 ಡಿಗ್ರಿ ದಾಟುವಾಗ ಬಾಸ್ ಗೂಡು ಮಾಡುತ್ತೆ. ಗಂಡು ಮೀನು ಮೊಟ್ಟೆ ಕಾಯುತ್ತೆ. ಅದನ್ನು ಹಿಡಿದು, ಫೋಟೋ ತೆಗೆದು ಬಿಡುವಷ್ಟರಲ್ಲಿ ಗೋಬಿಗಳು ನುಗ್ಗಿ ಮೊಟ್ಟೆ ತಿಂತವೆ. ಹಿಡಿದು ತಕ್ಷಣ ಬಿಡೋದಕ್ಕೆ ಮಿಶಿಗನ್‌ನಲ್ಲಿ ವರ್ಷಪೂರ್ತಿ ಅವಕಾಶ ಇದೆ, ನಿಜ. ಸೇಂಟ್ ಕ್ಲೇರ್‌ನಲ್ಲಿ ಇಟ್ಟುಕೊಳ್ಳೋದಕ್ಕೆ ಜೂನ್ ಮೂರನೇ ಶನಿವಾರದಿಂದ. ಗೂಡಿನ ಮೀನಿನ ಗೋಜಿಗೆ ನಾನಂತೂ ಹೋಗಲ್ಲ, ನೀವೂ ಹೋಗಬೇಡಿ.

17 ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು. ಗಡಿ ಕೆರೆಯ ನಡುವೆಯೇ ಹಾದುಹೋಗುತ್ತೆ, ಆಚೆ ಕೆನಡಾ ನೀರಲ್ಲಿ ಗಾಳ ಹಾಕಿದರೆ ಒಂಟಾರಿಯೋ ಲೈಸೆನ್ಸ್ ಬೇರೆ ಬೇಕು. ದೋಣಿ ಇಲ್ಲದವರು ಹ್ಯಾರಿಸನ್ ಟೌನ್‌ಶಿಪ್‌ನ ಲೇಕ್ ಸೇಂಟ್ ಕ್ಲೇರ್ ಮೆಟ್ರೋಪಾರ್ಕ್‌ನ ದಂಡೆಯಿಂದ ಶುರು ಮಾಡಿ. ದಂಡೆಯಿಂದಾದರೆ ಸೀಸವನ್ನು ನೀವೇ ನಿಧಾನ ಎಳೆದುಕೊಳ್ಳಬೇಕು, ಉಳಿದದ್ದೆಲ್ಲ ಹೀಗೇ. ತಿನ್ನೋಕೆ ಅಂತ ಹೋಗೋರಾದರೆ ಬಾಸ್ ಬಿಟ್ಟು ಹಳದಿ ಪರ್ಚ್ ಹಿಡಿಯಿರಿ, ರವೆ ಹಚ್ಚಿ ಕರಿಯೋಕೆ ಅದೇ ಚೆನ್ನ. ಯಾವ ಮೀನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಹಾಕಿದೆ. ಮಕ್ಕಳಿರುವ ಮನೆಯವರು ಅದನ್ನು ನೋಡಿಕೊಂಡೇ ಬಾಣಲೆ ಇಡಿ.