ಸ್ಪ್ರಿಂಕ್ಲರ್ ಎಂಜಿನ್ನಿನ ಸ್ಟಡ್ಡುಗಳಿಗೆ ಎಷ್ಟು ಬಿಗಿ ಬೇಕು?

ರೊಬಸ್ಟಾ ತೋಟದಲ್ಲಿ ಫೆಬ್ರವರಿ, ಮಾರ್ಚ್ ಬಂತೆಂದರೆ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಗಡಿಬಿಡಿ. ಕೆರೆ ದಂಡೆಯ ಡೀಸೆಲ್ ಎಂಜಿನ್ ಹಗಲು ರಾತ್ರಿ ಓಡಬೇಕು. ಆ ವಾರದಲ್ಲೇ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ) ಹೋದರೆ ತೋಟದ ಒಂದು ಬ್ಲಾಕಿಗೆ ನೀರು ಬಿದ್ದಿರುತ್ತದೆ, ಪಕ್ಕದ ಬ್ಲಾಕ್ ಒಣಗಿ ನಿಂತಿರುತ್ತದೆ. ಗೋಣಿಕೊಪ್ಪ, ಸಿದ್ದಾಪುರದ ಮೆಕ್ಯಾನಿಕ್‌ಗಳೆಲ್ಲ ಆಗ ಇನ್ಯಾರದೋ ತೋಟದಲ್ಲಿರುತ್ತಾರೆ. ಬೈಗುಳ ಬೀಳುವುದು ಗ್ಯಾಸ್ಕೆಟ್ಟಿಗೆ. ಹೆಡ್ಡನ್ನು ಹಿಡಿದಿರುವುದು ಸ್ಟಡ್ಡುಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು, ಮತ್ತು ಅವುಗಳ ನಟ್‌ಗಳು. ಆದರೆ ಬಿಚ್ಚುವಾಗ ಗಮನಿಸಿ: ಒಂದು ನಟ್ ಕಿರ್ ಅಂದು ಕಷ್ಟಪಟ್ಟು ಬಿಡುತ್ತದೆ, ಅದರ ಪಕ್ಕದ್ದು ಕೈ ಇಟ್ಟ ಕೂಡಲೇ ತಿರುಗುತ್ತದೆ. "ಫುಲ್ ಟೈಟ್ ಮಾಡಿದ್ದೀನಣ್ಣಾ" ಅಂದವನು ಸುಳ್ಳು ಹೇಳಿರುವುದಿಲ್ಲ. ಆ ಫುಲ್ ಟೈಟ್ ಎಷ್ಟು ಎಂದು ಅಳೆದಿರುವುದಿಲ್ಲ, ಅಷ್ಟೆ.

ಬೋಲ್ಟನ್ನು ಬಿಗಿ ಮಾಡುವುದೆಂದರೆ ಅದನ್ನು ಎಳೆದು ಉದ್ದ ಮಾಡುವುದು. ಉಕ್ಕು ಸ್ಪ್ರಿಂಗಿನ ಹಾಗೆ ಹಿಗ್ಗುತ್ತದೆ, ಮತ್ತೆ ಕುಗ್ಗಲು ನೋಡುತ್ತದೆ. ಹೆಡ್ಡನ್ನು ಎಂಜಿನ್ ಬ್ಲಾಕಿಗೆ ಒತ್ತಿ ಹಿಡಿಯುವುದು ಆ ಕುಗ್ಗುವ ಬಲವೇ. ತಲೆಯ ಮೇಲೆ 8.8 ಎಂದು ಶಕ್ತಿಯ ದರ್ಜೆ ಬರೆದಿರುವ 12 ಎಂಎಂ ಬೋಲ್ಟು ತೆಗೆದುಕೊಳ್ಳೋಣ. ಶಾಶ್ವತವಾಗಿ ಹಿಗ್ಗದೆ ಅದು ತಾಳುವ ಪ್ರೂಫ್ ಲೋಡ್ ಸುಮಾರು 49 ಕಿಲೋನ್ಯೂಟನ್. ಅದರ ಮುಕ್ಕಾಲು ಪಾಲಿಗೆ ಬಿಗಿ ಮಾಡುವುದು ವಾಡಿಕೆ. ಅಂದರೆ ಸುಮಾರು 36.7 ಕಿಲೋನ್ಯೂಟನ್, ತೂಕದಲ್ಲಿ ಹೇಳುವುದಾದರೆ ಮೂರು ಮುಕ್ಕಾಲು ಟನ್ ಹತ್ತಿರ. ಬೋಲ್ಟಿನ ತಲೆಯಿಂದ ನಟ್‌ವರೆಗೆ 60 ಎಂಎಂ ಇದ್ದರೆ ಅಷ್ಟು ಎಳೆತಕ್ಕೆ ಅದು ಹಿಗ್ಗುವುದು ಬರೀ 0.13 ಎಂಎಂ, ಪುಸ್ತಕದ ಒಂದು ಹಾಳೆಗಿಂತ ಒಂಚೂರು ದಪ್ಪ. ನಮ್ಮ ಕೆಲಸವೆಲ್ಲ ಇರುವುದು ಆ ಒಂದು ಹಾಳೆಯಷ್ಟು ಜಾಗದಲ್ಲಿ.

ಆದರೆ ಸ್ಪ್ಯಾನರಿಗೆ ಗೊತ್ತಾಗುವುದು ಹಿಗ್ಗಿದ್ದಲ್ಲ, ತಿರುಗಿಸುವ ಬಲ, ಅಂದರೆ ಟಾರ್ಕ್. ನಾವು ಹಾಕಿದ ಟಾರ್ಕಿನಲ್ಲಿ ಸುಮಾರು ಅರ್ಧ ನಟ್ಟಿನ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ, ಶೇ 40ರಷ್ಟು ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ನಿಜವಾಗಿ ಎಳೆಯಲು ಉಳಿಯುವುದು ಶೇ 10 ಮಾತ್ರ. ಆದ್ದರಿಂದ ಉಜ್ಜಾಟ ಸ್ವಲ್ಪ ಬದಲಾದರೂ ಎಳೆತ ಬಹಳ ಬದಲಾಗುತ್ತದೆ. ಲೆಕ್ಕ ಸರಳ: ಟಾರ್ಕ್ ಎಂದರೆ ನಟ್ ಫ್ಯಾಕ್ಟರ್ (ಉಜ್ಜಾಟ ಎಷ್ಟೆಂದು ಹೇಳುವ ಸಂಖ್ಯೆ), ವ್ಯಾಸ, ಎಳೆತ, ಈ ಮೂರರ ಗುಣಲಬ್ಧ. ಒಣ ಉಕ್ಕಿಗೆ ಫ್ಯಾಕ್ಟರ್ ಸುಮಾರು 0.2. ನಮ್ಮ 12 ಎಂಎಂ ಬೋಲ್ಟಿಗೆ 88 ನ್ಯೂಟನ್ ಮೀಟರ್ ಬರುತ್ತದೆ. ಅದೇ ಬೋಲ್ಟಿಗೆ ಎಣ್ಣೆ ಹಚ್ಚಿದರೆ ಫ್ಯಾಕ್ಟರ್ 0.15ಕ್ಕೆ ಇಳಿಯುತ್ತದೆ, ಆಗ 66 ಸಾಕು. ಎಣ್ಣೆ ಹಚ್ಚಿಯೂ 88 ಹಾಕಿದಿರೋ, ಬೋಲ್ಟು ಪ್ರೂಫ್ ಲೋಡಿನ ಅಂಚಿಗೆ ಬಂದು ನಿಲ್ಲುತ್ತದೆ. ಇನ್ನೂ ಹೆಚ್ಚು ಜಾರುವ ಮಾಲಿಬ್ಡಿನಮ್ ಗ್ರೀಸ್ ಬಳಿದು 88 ಹಾಕಿದರೆ ಎಳೆತ 61 ಕಿಲೋನ್ಯೂಟನ್ ದಾಟುತ್ತದೆ. 54ಕ್ಕೇ ಯೀಲ್ಡ್ ಆಗುವ ಬೋಲ್ಟು ಹಿಗ್ಗಿ ಹಾಗೇ ಉಳಿದುಬಿಡುತ್ತದೆ. ಟಾರ್ಕ್ ವ್ರೆಂಚ್ (ಇಟ್ಟ ಟಾರ್ಕ್ ಬಂದಾಗ ಕ್ಲಿಕ್ ಅನ್ನುವ ಸ್ಪ್ಯಾನರ್) ಒಂದೇ, ಸಂಖ್ಯೆ ಒಂದೇ, ಫಲಿತಾಂಶ ಮೂರು ಥರ. ಕಂಪನಿ ಪುಸ್ತಕದಲ್ಲಿ ಟಾರ್ಕ್ ನೋಡುವಾಗ ಅದು ಒಣ ಥ್ರೆಡ್ಡಿಗೋ ಎಣ್ಣೆ ಹಚ್ಚಿದ್ದಕ್ಕೋ ಎಂದು ಮೊದಲು ನೋಡಬೇಕು ಎನ್ನುವುದು ಇದಕ್ಕೇ. ಹಳೆ ಪುಸ್ತಕಗಳಲ್ಲಿ ಕೆಜಿ-ಮೀಟರ್ ಇರುತ್ತದೆ, ಅದನ್ನು 9.8ರಿಂದ ಗುಣಿಸಿ, ಫುಟ್-ಪೌಂಡ್ ಇದ್ದರೆ 1.36ರಿಂದ.

ಕೈ ಅಂದಾಜಿನ ಬಗ್ಗೆ ಒಂದು ಮಾತು. ಗಟ್ಟಿ ಆಳು 35 ಕೆಜಿ ಬಲದಲ್ಲಿ ಸ್ಪ್ಯಾನರ್ ಎಳೆಯುತ್ತಾನೆ ಅಂದುಕೊಳ್ಳಿ. 12 ಎಂಎಂ ಬೋಲ್ಟಿಗೆ 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನಲ್ಲಿ ಅದು 86 ನ್ಯೂಟನ್ ಮೀಟರ್, ಸರಿಯಾಗೇ ಇದೆ. ಅದೇ ಕೈ 8 ಎಂಎಂ ಬೋಲ್ಟಿಗೆ ಹೋದರೆ 15 ಸೆಂಟಿಮೀಟರಿನ ಸ್ಪ್ಯಾನರಿನಲ್ಲಿ 51 ಆಗುತ್ತದೆ, ಬೇಕಾದ್ದರ ಎರಡರಷ್ಟು. ಬೋಲ್ಟು ಕಿತ್ತು ಬರುತ್ತದೆ. 20 ಎಂಎಂ ಬೋಲ್ಟಿಗೆ ಬೇಕಾದ್ದು 440 ನ್ಯೂಟನ್ ಮೀಟರ್; 45 ಸೆಂಟಿಮೀಟರ್ ಹಿಡಿಯಲ್ಲೂ 100 ಕೆಜಿ ಎಳೆಯಬೇಕು, ಅದು ಯಾರಿಂದಲೂ ಆಗುವುದಿಲ್ಲ. ತೋಟದ ಶೆಡ್ಡುಗಳಲ್ಲಿ ಸಣ್ಣ ಬೋಲ್ಟುಗಳು ಮುರಿದು, ದೊಡ್ಡವು ಸಡಿಲವಾಗಿ ಇರುವುದಕ್ಕೆ ಕಾರಣ ಇದೇ.

ಈಗ ಹೆಡ್ ಕೂರಿಸುವ ಕೆಲಸ. ಹಳೆ ಗ್ಯಾಸ್ಕೆಟ್ಟಿನ ಚೂರುಗಳನ್ನು ಪೂರ್ತಿ ತೆಗೆದು, ಹೆಡ್ಡಿನ ಮೇಲೆ ನೇರಪಟ್ಟಿ ಅಡ್ಡ ಇಟ್ಟು ಕರ್ಣಕ್ಕೂ ಉದ್ದಕ್ಕೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. ಸಣ್ಣ ಹೆಡ್ಡಿನಲ್ಲಿ 0.05 ಎಂಎಂ ಎಲೆ ಸಲೀಸಾಗಿ ನುಗ್ಗಿದರೆ ಪುಸ್ತಕದ ಮಿತಿಯನ್ನು ನೋಡಿಕೊಂಡು ಫೇಸಿಂಗಿಗೆ, ಅಂದರೆ ಮುಖ ಸಮ ಮಾಡಿಸಲು, ಕಳಿಸಿ. ಸೊಟ್ಟ ಹೆಡ್ಡನ್ನು ಬಿಗಿಯಿಂದ ನೇರ ಮಾಡಲು ಆಗುವುದಿಲ್ಲ. ಬ್ಲಾಕಿನ ತೂತುಗಳಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬಟ್ಟೆ, ಗಾಳಿ ಹಾಕಿ ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ದ್ರವ ಉಳಿದರೆ ಸ್ಟಡ್ ಇಳಿಯುತ್ತಾ ಅದನ್ನು ಒತ್ತಿ ಎರಕದ ಬ್ಲಾಕನ್ನೇ ಸೀಳಬಲ್ಲದು. ಥ್ರೆಡ್ ಶುದ್ಧ ಮಾಡಲು ಹೊಸ ಟ್ಯಾಪ್ (ಥ್ರೆಡ್ ಕೊಯ್ಯುವ ಉಪಕರಣ) ಇಳಿಸಬೇಡಿ, ಅದು ಒಳ್ಳೆ ಲೋಹವನ್ನೂ ಕೆರೆದು ತೆಗೆಯುತ್ತದೆ. ಅದೇ ಅಳತೆಯ ಹಳೆ ಬೋಲ್ಟಿಗೆ ಹ್ಯಾಕ್ಸಾದಿಂದ ಉದ್ದಕ್ಕೆ ಎರಡು ಮೂರು ಗೀರು ಕೊಯ್ದು ಇಳಿಸಿ ತೆಗೆಯಿರಿ. ಕಸವೆಲ್ಲ ಗೀರಿನೊಳಗೆ ಬರುತ್ತದೆ.

ಸ್ಟಡ್ಡನ್ನು ಬ್ಲಾಕಿಗೆ ಕೈಯಲ್ಲೇ ಇಳಿಸಿ ಹಗುರವಾಗಿ ಕೂರಿಸಿದರೆ ಸಾಕು. ನಟ್ ಬೆರಳಲ್ಲೇ ಪೂರ್ತಿ ಥ್ರೆಡ್ ಓಡಬೇಕು. ನಡುವೆ ಎಲ್ಲಾದರೂ ಹಿಡಿದರೆ ಆ ಸ್ಟಡ್ ಹಿಗ್ಗಿದೆ ಅಥವಾ ಥ್ರೆಡ್ ಸವೆದಿದೆ, ಬದಲಿಸಿ. ಹೊಸ ಸ್ಟಡ್ಡಿನ ಪಕ್ಕದಲ್ಲಿ ಹಿಡಿದು ಉದ್ದ ನೋಡಿದರೂ ಗೊತ್ತಾಗುತ್ತದೆ. ವಾಷರ್ ಗಟ್ಟಿ ಉಕ್ಕಿನದಾಗಿರಲಿ. ಹಾರ್ಡ್‌ವೇರ್ ಅಂಗಡಿಯ ಮೆತ್ತನೆ ವಾಷರ್ ನಟ್ಟಿನ ಕೆಳಗೆ ಬಟ್ಟಲಿನಂತೆ ಕುಸಿಯುತ್ತದೆ, ಕುಸಿದಷ್ಟೂ ಹಿಗ್ಗು ಕರಗುತ್ತದೆ. ಪುಸ್ತಕ ಎಣ್ಣೆ ಹೇಳಿದ್ದರೆ ಥ್ರೆಡ್ಡಿಗೂ ನಟ್ಟಿನ ಅಡಿಮುಖಕ್ಕೂ ಒಂದೊಂದು ಹನಿ, ಎಲ್ಲಕ್ಕೂ ಒಂದೇ ಎಣ್ಣೆ. ನಾಲ್ಕಕ್ಕೆ ಎಣ್ಣೆ ಹಚ್ಚಿ ಇನ್ನೆರಡನ್ನು ಒಣಗಿಸಿಟ್ಟರೆ ಟಾರ್ಕ್ ವ್ರೆಂಚ್ ಇದ್ದೂ ಪ್ರಯೋಜನವಿಲ್ಲ.

ಬಿಗಿ ಮೂರು ಸುತ್ತಿನಲ್ಲಿ: ಮೊದಲು ಶೇ 30, ಆಮೇಲೆ 60, ಆಮೇಲೆ ಪೂರ್ತಿ. ನಡುವಿನ ನಟ್‌ಗಳಿಂದ ಶುರು ಮಾಡಿ ಎದುರುಬದುರಾಗಿ ಹೊರಗೆ ಹೋಗಬೇಕು. ಒಂದನ್ನು ಬಿಗಿ ಮಾಡಿದಾಗ ಗ್ಯಾಸ್ಕೆಟ್ ಅಮುಕಿ ಪಕ್ಕದ್ದು ಸಡಿಲವಾಗುತ್ತದೆ, ಅದಕ್ಕಾಗಿ ಕೊನೆಗೆ ಪೂರ್ತಿ ಟಾರ್ಕಿನಲ್ಲಿ ಇನ್ನೊಂದು ಸುತ್ತು. ವ್ರೆಂಚನ್ನು ಹಿಡಿಯ ನಡುವೆ ಹಿಡಿದು ನಿಧಾನಕ್ಕೆ ಒಂದೇ ಸಮನೆ ಎಳೆಯಿರಿ, ಕ್ಲಿಕ್ ಅಂದ ಕೂಡಲೇ ಬಿಡಿ. ಖಾತ್ರಿಗೆಂದು ಅಲ್ಲೇ ಮತ್ತೆ ಮತ್ತೆ ಕ್ಲಿಕ್ ಮಾಡಿದರೆ ಬಿಗಿ ಹೆಚ್ಚಾಗಬಹುದು. ಕೆಲಸ ಮುಗಿದ ಮೇಲೆ ಸೆಟ್ಟಿಂಗನ್ನು ಕನಿಷ್ಠಕ್ಕೆ ಇಳಿಸಿಡಿ. ವರ್ಷಕ್ಕೊಮ್ಮೆ ಅಥವಾ 5000 ಸಲ ಬಳಸಿದ ಮೇಲೆ ಕ್ಯಾಲಿಬ್ರೇಷನ್.

ಹಳೆ ಬಗೆಯ ಗ್ಯಾಸ್ಕೆಟ್ ಇದ್ದರೆ ಎಂಜಿನ್ ಬಿಸಿಯಾಗಿ ಓಡಿ ಪೂರ್ತಿ ತಣ್ಣಗಾದ ಮೇಲೆ ಮತ್ತೆ ಬಿಗಿ ಮಾಡಬೇಕಾಗುತ್ತದೆ. ಕೂತ ನಟ್ಟಿನ ಮೇಲೆ ವ್ರೆಂಚ್ ಇಟ್ಟು ಕ್ಲಿಕ್ ಅನ್ನಿಸಿದರೆ ಸಾಲದು. ನಿಂತ ನಟ್ಟಿಗೆ ಉಜ್ಜಾಟ ಜಾಸ್ತಿ, ಅದು ಅಲುಗದೆಯೇ ಕ್ಲಿಕ್ ಬಂದುಬಿಡುತ್ತದೆ. ಒಂದೊಂದೇ ನಟ್ಟನ್ನು ಕಾಲು ಸುತ್ತು ಹಿಂದೆ ತಿರುಗಿಸಿ, ಮತ್ತೆ ಪೂರ್ತಿ ಟಾರ್ಕಿಗೆ ತನ್ನಿ. ಎಲ್ಲವನ್ನೂ ಒಟ್ಟಿಗೆ ಸಡಿಲಿಸಬೇಡಿ. ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ತುದಿಯ ಸಂದು) ನೋಡುವುದು ಇದಾದ ಮೇಲೆಯೇ, ಹೆಡ್ ಒಂದಿಷ್ಟು ಕೆಳಗೆ ಕೂತಿರುತ್ತದೆ.

ಪಂಪಿನ ಫ್ಲೇಂಜುಗಳಿಗೂ (ಪೈಪ್ ಜೋಡಿಸುವ ತೂತಿನ ಬಳೆಗಳು) ಎದುರುಬದುರು ಕ್ರಮವೇ. ಎಂಟು ಬೋಲ್ಟಿದ್ದರೆ ಗಡಿಯಾರದ ಸುತ್ತಿನಲ್ಲಿ ನಂಬರ್ ಹಾಕಿಕೊಂಡು 1, 5, 3, 7, 2, 6, 4, 8. ರಬ್ಬರ್ ಗ್ಯಾಸ್ಕೆಟ್ ಹೊರಗೆ ಉಬ್ಬಿ ಬರುವಷ್ಟು ಬಿಗಿ ಮಾಡಿದರೆ ಅದು ಹರಿದಂತೆಯೇ ಲೆಕ್ಕ. ಎರಕದ ಪಂಪಿನ ಚಪ್ಪಟೆ ಫ್ಲೇಂಜಿಗೆ ಮುಖ ಉಬ್ಬಿರುವ ಉಕ್ಕಿನ ಫ್ಲೇಂಜನ್ನು ಜೋಡಿಸಿ ಬಿಗಿ ಮಾಡಿದರೆ ಎರಕದ ಕಿವಿ ಬಾಗಿ ಸೀಳುತ್ತದೆ. ಎರಡೂ ಚಪ್ಪಟೆಯಾಗಿರಬೇಕು, ಗ್ಯಾಸ್ಕೆಟ್ ಬೋಲ್ಟಿನ ತೂತುಗಳನ್ನೂ ಸೇರಿಸಿ ಪೂರ್ತಿ ಅಗಲಕ್ಕಿರಬೇಕು. ಜಲವಿದ್ಯುತ್ ಘಟಕಗಳ ದೊಡ್ಡ ಸ್ಟಡ್ಡುಗಳಲ್ಲಿ ತಿರುಗಿಸುವ ಗೋಜನ್ನೇ ಬಿಟ್ಟು ಹೈಡ್ರಾಲಿಕ್ ಟೆನ್ಷನರಿನಿಂದ ಸ್ಟಡ್ಡನ್ನು ನೇರವಾಗಿ ಎಳೆದು, ನಟ್ಟನ್ನು ಕೆಳಗೆ ಇಳಿಸಿ ಕೂರಿಸಿ ಒತ್ತಡ ಬಿಡುತ್ತಾರೆ. ಬಿಟ್ಟಾಗ ಸ್ವಲ್ಪ ಎಳೆತ ವಾಪಸ್ ಹೋಗುವುದರಿಂದ ಮೊದಲೇ ಹೆಚ್ಚು ಎಳೆದಿರುತ್ತಾರೆ. ಟೆನ್ಷನರ್ ಹಿಡಿದುಕೊಳ್ಳಲು ನಟ್ಟಿನ ಮೇಲೆ ಕಡಿಮೆಯೆಂದರೆ ಸ್ಟಡ್ಡಿನ ವ್ಯಾಸದಷ್ಟು ಥ್ರೆಡ್ ಹೊರಗಿರಬೇಕು.

ಬಿಗಿ ಮಾಡಿದ್ದು ಸಡಿಲವಾಗುವುದು ಯಾಕೆ? ಮೊದಲ ಅಪರಾಧಿ ಪೇಂಟು. ನಟ್ಟಿನ ಅಡಿಗೆ, ಜೋಡಣೆಯ ಮುಖಗಳ ನಡುವೆ 0.1 ಎಂಎಂ ಪೇಂಟು ಇದ್ದು ಅದು ಪುಡಿಯಾಗಿ ಹೋದರೆ, 0.13 ಎಂಎಂ ಹಿಗ್ಗಿನಲ್ಲಿ ಉಳಿಯುವುದೇನು? ಮಳೆಗಾಲದ ತುಕ್ಕಿಗೆ ಹೆದರಿ ಫ್ರೇಮಿಗೆಲ್ಲ ದಪ್ಪ ಪೇಂಟು ಬಳಿದು ಅದರ ಮೇಲೆಯೇ ಬೋಲ್ಟು ಕೂರಿಸುವುದು ನಮ್ಮ ಕಡೆ ಬಹಳ. ಜೋಡಿಸಿ, ಬಿಗಿ ಮಾಡಿ, ಆಮೇಲೆ ಬಳಿಯಿರಿ. ಗಿಡ್ಡ ಬೋಲ್ಟಿಗೆ ಇದು ಇನ್ನೂ ಕೆಟ್ಟದ್ದು. 15 ಎಂಎಂ ಹಿಡಿತದ ಬೋಲ್ಟು ಹಿಗ್ಗುವುದೇ 0.03 ಎಂಎಂ. ಕಾಫಿ ಸುಲಿಯುವ ಪಲ್ಪರ್, ಹಲ್ಲರ್ ಥರ ಅದುರುವ ಯಂತ್ರದಲ್ಲಿ ದಪ್ಪ ಉಕ್ಕಿನ ಬುಶ್ (ಕೊಳವೆಯ ತುಂಡು) ಕೆಳಗಿಟ್ಟು ಉದ್ದ ಬೋಲ್ಟು ಹಾಕಿದರೆ ಸಡಿಲವಾಗುವುದು ಕಡಿಮೆಯಾಗುತ್ತದೆ. ಸೀಳಿದ ಸ್ಪ್ರಿಂಗ್ ವಾಷರನ್ನು ನಂಬಬೇಡಿ. ಬೋಲ್ಟಿಗೆ ಅಡ್ಡವಾಗಿ ಅದುರಿದಾಗ ನಟ್ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ಗೆರ್ಹಾರ್ಡ್ ಯುಂಕರ್ 1969ರಲ್ಲೇ ಪ್ರಯೋಗದಿಂದ ತೋರಿಸಿದರು. ಅಂಥ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ನಿಲ್ಲುವುದಿಲ್ಲ. ಬಿಸಿಯಿಲ್ಲದ ಕಡೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವುದು), ಇಲ್ಲವೇ ಎಣ್ಣೆ ಒರೆಸಿದ ಥ್ರೆಡ್ಡಿಗೆ ಮಧ್ಯಮ ಬಲದ ಥ್ರೆಡ್ ಲಾಕರ್ ಅಂಟು ಒಳ್ಳೆಯದು.

ಜೀಪಿನ ಚಕ್ರದ ಸ್ಟಡ್ಡುಗಳನ್ನು ಬಿಟ್ಟರೆ ಕೊಡಗಿನಲ್ಲಿ ಈ ವಿಷಯ ಪೂರ್ತಿಯಾಗುವುದಿಲ್ಲ. ಮಾಂದಲಪಟ್ಟಿಯಂಥ ಏರಿನಲ್ಲಿ ಭಾರ ಹೊರುವುದು ಸ್ಟಡ್ಡಿನ ಅಡ್ಡಬಲವಲ್ಲ, ಚಕ್ರವನ್ನು ಹಬ್‌ಗೆ (ಚಕ್ರ ಕೂರುವ ಆಕ್ಸಲ್ ತುದಿಗೆ) ಒತ್ತಿದ ಹಿಡಿತದ ಉಜ್ಜಾಟ. ಹಿಡಿತ ಹೋದರೆ ಪ್ರತಿ ಸುತ್ತಿಗೂ ಸ್ಟಡ್ ಬಾಗುತ್ತದೆ. ಮುರಿದ ಸ್ಟಡ್ಡನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಒಂದು ಅಂಚಿನಿಂದ ಶುರುವಾಗಿ ಅರ್ಧಚಂದ್ರದಂಥ ನಯವಾದ ಗೆರೆಗಳು ಒಂದರ ಹಿಂದೊಂದು ಇದ್ದು, ಕೊನೆಗೆ ಸಣ್ಣ ಒರಟು ಜಾಗ ಉಳಿದಿದ್ದರೆ ಅದು ದಣಿದು ಮುರಿದದ್ದು. ಕಾರಣ ಹೆಚ್ಚಾಗಿ ಸಡಿಲ ನಟ್. ಸೊಂಟ ಸಣ್ಣಗಾಗಿ ಇಡೀ ಮುಖ ಒರಟಾಗಿದ್ದರೆ ಅದು ಅತಿ ಬಿಗಿಯಿಂದ ಕಿತ್ತದ್ದು. ಮುರಿತ ಸಾಮಾನ್ಯವಾಗಿ ನಟ್ಟಿನ ಒಳಗಿನ ಮೊದಲ ಥ್ರೆಡ್ಡಿನಲ್ಲೇ. ಎಳೆತದ ಸುಮಾರು ಮೂರನೇ ಒಂದು ಭಾಗ ಆ ಒಂದೇ ಸುತ್ತಿನ ಮೇಲೆ ಬಿದ್ದಿರುತ್ತದೆ. ಚಕ್ರ ಹಾಕುವ ಮೊದಲು ಹಬ್‌ನ ಮುಖದ ಕೆಸರು, ತುಕ್ಕು ವೈರ್ ಬ್ರಷ್‌ನಿಂದ ಉಜ್ಜಿ. ಪುಸ್ತಕ ಹೇಳದೆ ನಟ್ಟಿಗೆ ಗ್ರೀಸ್ ಬೇಡ. 50ರಿಂದ 80 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ. ಹಳೆ ವಿಲ್ಲೀಸ್ ಜೀಪಾದರೆ ಎಡಬದಿಯ ಚಕ್ರಗಳಲ್ಲಿ ಎಡ ಥ್ರೆಡ್ ಇರಬಹುದು, ಅದು ಬಿಚ್ಚುವುದು ಬಲಕ್ಕೆ. ಗೊತ್ತಿಲ್ಲದೆ ಪೈಪ್ ಹಾಕಿ ಮುರಿದುಕೊಳ್ಳಬೇಡಿ.

ತುಕ್ಕು ತಪ್ಪಿಸಲು 8.8 ಬೋಲ್ಟಿನ ಜಾಗಕ್ಕೆ ಸ್ಟೇನ್‌ಲೆಸ್ ಹಾಕುವವರು ಒಂದು ಲೆಕ್ಕ ಮಾಡಬೇಕು. ಎ2-70 ಎಂದು ಬರೆದ 12 ಎಂಎಂ ಬೋಲ್ಟು 38 ಕಿಲೋನ್ಯೂಟನ್ನಿಗೇ ಯೀಲ್ಡ್ ಆಗುತ್ತದೆ; 8.8ಕ್ಕೆ ನಾವು ಇಟ್ಟುಕೊಂಡ 36.7 ಅದಕ್ಕೆ ತೀರಾ ಹತ್ತಿರ. ಹೆಡ್ಡಿಗೆ, ಚಕ್ರಕ್ಕೆ ಅದು ಬೇಡವೇ ಬೇಡ. ಗಾರ್ಡು, ಪೈಪ್ ಕ್ಲಾಂಪುಗಳಿಗೆ ಹಾಕಬಹುದು, ಆದರೆ ಆಂಟಿ-ಸೀಜ್ (ಅಂಟಿ ಹಿಡಿಯದಂತೆ ತಡೆಯುವ ಪೇಸ್ಟ್) ಹಚ್ಚಿ ಕೈಯಿಂದ ನಿಧಾನಕ್ಕೆ ತಿರುಗಿಸಿ. ಇಂಪ್ಯಾಕ್ಟ್ ಗನ್ ಹಿಡಿದರೆ ಸ್ಟೇನ್‌ಲೆಸ್ ನಟ್ ಸ್ಟೇನ್‌ಲೆಸ್ ಬೋಲ್ಟಿಗೆ ಅಂಟಿಕೊಂಡು ಅರ್ಧದಲ್ಲೇ ನಿಂತುಬಿಡುತ್ತದೆ, ಆಮೇಲೆ ಗ್ರೈಂಡರ್‌ನಿಂದ ಕತ್ತರಿಸಿಯೇ ತೆಗೆಯಬೇಕು.