ಖಾಲಿ ಹಾಳೆಗಿಂತ ಚುಕ್ಕಿ ಲೇಸು

"ಮೇಡಂ, ಧ್ಯಾನಕ್ಕೆ ಕುಳಿತರೆ ನನ್ನ ತಲೆಯೊಳಗೆ ಸಂತೆ ಸೇರುತ್ತದೆ. ಚಿತ್ರ ಬರೆದರೆ ಮನಸ್ಸು ಶಾಂತವಾಗುತ್ತದಂತೆ, ಹೌದೇ?"

ನಾನು ಮೈಸೂರು ಶೈಲಿಯ ಚಿತ್ರಕಲೆ ಹೇಳಿಕೊಡುವವಳು ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಇದು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದ್ದಾರೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎದುರಾದವರು ಕೇಳಿದ್ದಾರೆ, ಯೋಗ ಕಲಿಯಲೆಂದು ಬಂದು ಗೋಕುಲಂನಲ್ಲಿ ಮನೆ ಹಿಡಿದಿರುವ ವಿದೇಶಿಯರೂ ಕೇಳಿದ್ದಾರೆ. ನಡುದಾರಿಯಲ್ಲಿ ನಿಂತು ಇದಕ್ಕೆ ಪೂರ್ತಿ ಉತ್ತರ ಹೇಳುವುದು ಕಷ್ಟ. "ಆಗುತ್ತದೆ, ಬಂದು ನೋಡಿ" ಎಂದು ನಕ್ಕು ಮುಂದೆ ಹೋಗುತ್ತೇನೆ. ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗುತ್ತದೆ ಎಂಬುದು ನಿಜ. ಆದರೆ ಮನಸ್ಸಿಗೆ ತೋಚಿದ್ದನ್ನು ಬರೆಯಲು ಹೊರಟರೆ ಆಗುವುದು ಅನುಮಾನ. ಈಗ ವಾರಾಂತ್ಯದ ಶಿಬಿರಗಳಲ್ಲಿ ಮೇಣದಬತ್ತಿ ಹಚ್ಚಿ, ಕೊಳಲಿನ ಧ್ವನಿಮುದ್ರಿಕೆ ಹಾಕಿ, ಕೈಗೊಂದು ಬಿಳಿಯ ಹಾಳೆ ಕೊಟ್ಟು "ನಿಮ್ಮೊಳಗೆ ಏನಿದೆಯೋ ಅದನ್ನು ಹೊರಗೆ ಚೆಲ್ಲಿ" ಎನ್ನುತ್ತಾರೆ. ಒಳಗೆ ಇರುವುದು ಸಾಲದ ಕಂತು, ಅತ್ತೆಯ ಮಾತು, ಮಗನ ಸಿಇಟಿ ಫಲಿತಾಂಶ. ಅವನ್ನೇ ಹಾಳೆಯ ಮೇಲೆ ಹರಡಿಕೊಂಡು ಎರಡು ಗಂಟೆ ನೋಡುತ್ತ ಕುಳಿತವರಿಗೆ ಯಾವ ನೆಮ್ಮದಿ ಬಂದೀತು?

ಇದು ನನ್ನೊಬ್ಬಳ ಹಟವಲ್ಲ. 2005ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 84 ಕಾಲೇಜು ವಿದ್ಯಾರ್ಥಿಗಳನ್ನು ಕರೆದು, ಮೊದಲು ಅವರ ಜೀವನದ ಭಯದ ಗಳಿಗೆಯೊಂದನ್ನು ನೆನೆದು ಬರೆಯಲು ಹೇಳಿದರು. ಆತಂಕ ಏರಿದ ಮೇಲೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವೃತ್ತದೊಳಗೆ ಹೆಣೆದ ಮಂಡಲದ ವಿನ್ಯಾಸ, ಇನ್ನೊಂದಕ್ಕೆ ಚೌಕಳಿಯ ವಿನ್ಯಾಸ, ಮೂರನೆಯದಕ್ಕೆ ಖಾಲಿ ಹಾಳೆ. ಇಪ್ಪತ್ತು ನಿಮಿಷ ಬಣ್ಣ ತುಂಬಿದ ಮೇಲೆ ಮೊದಲೆರಡು ಗುಂಪುಗಳ ಆತಂಕ ಇಳಿದಿತ್ತು. ಖಾಲಿ ಹಾಳೆಯವರಲ್ಲಿ ಹೇಳಿಕೊಳ್ಳುವಂತಹ ಇಳಿಕೆ ಇರಲಿಲ್ಲ. ಒಂದು ಸಣ್ಣ ಪ್ರಯೋಗದಿಂದ ಜಗತ್ತಿನ ನಿಯಮ ಸಿದ್ಧವಾಗುವುದಿಲ್ಲ ಎಂಬುದು ಗೊತ್ತು. ಆದರೂ ಅದನ್ನು ಓದಿದಾಗ, ಸ್ಲೇಟಿನ ಮೇಲೆ ತಿಂಗಳುಗಟ್ಟಲೆ ಬರಿಯ ಗೆರೆ ಎಳೆಸಿದ ನನ್ನ ಗುರುಗಳ ಮುಖ ನೆನಪಿಗೆ ಬಂತು. ಅಡ್ಡಗೆರೆ, ಉದ್ದಗೆರೆ, ಆಮೇಲೆ ಅರ್ಧಚಂದ್ರ, ಆಮೇಲೆ ಬಳ್ಳಿ. ದೇವರ ಮುಖ ಬರೆಯುವುದು ಯಾವಾಗ ಎಂದು ಕೇಳಿದರೆ, "ಕೈ ಹೇಳಿದ ಮಾತು ಕೇಳಲಿ, ಆಮೇಲೆ ನೋಡೋಣ" ಎನ್ನುತ್ತಿದ್ದರು. ಹೊಸ ಕರುವನ್ನು ಗೂಟಕ್ಕೆ ಕಟ್ಟಿದರೆ ಸ್ವಲ್ಪ ಹೊತ್ತು ಹಗ್ಗ ಜಗ್ಗುತ್ತದೆ, ಆಮೇಲೆ ಅಲ್ಲೇ ಮಲಗಿ ಮೆಲುಕು ಹಾಕುತ್ತದೆ. ಚಂಚಲ ಮನಸ್ಸಿಗೂ ಅಂತಹದೊಂದು ಹಗ್ಗದಳತೆ ಬೇಕು.

ಈ ಹಗ್ಗದಳತೆಯನ್ನು ನಮ್ಮ ಅಜ್ಜಿಯರು ಹೊಸ್ತಿಲ ಮುಂದೆ ಇಟ್ಟಿದ್ದರು. ಧನುರ್ಮಾಸದ ಚಳಿಯಲ್ಲಿ ಅಂಗಳ ಸಾರಿಸಿ ರಂಗೋಲಿಗೆ ಚುಕ್ಕಿ ಇಡುವವಳಿಗೆ ಆಯ್ಕೆಗಳು ಕಡಿಮೆ. ನೇರ ಚುಕ್ಕಿಯೋ ಸಂದು ಚುಕ್ಕಿಯೋ ಎಂದು ಒಮ್ಮೆ ತೀರ್ಮಾನವಾದರೆ ಮುಂದಿನ ಎಳೆ ಎಲ್ಲಿ ತಿರುಗಬೇಕು ಎಂಬುದನ್ನು ಚುಕ್ಕಿಗಳೇ ಹೇಳುತ್ತವೆ. ಎಳೆ ತಪ್ಪಿದರೆ ಬಳ್ಳಿ ಕೂಡುವುದಿಲ್ಲ, ಹಾಗಾಗಿ ಗಮನ ಬೇರೆಡೆ ಹೋಗುವಂತಿಲ್ಲ. ಮಧ್ಯಾಹ್ನದೊಳಗೆ ಹಾಲಿನವನ ಸೈಕಲ್ಲು, ಮಕ್ಕಳ ಕಾಲು, ಗಾಳಿ ಎಲ್ಲ ಸೇರಿ ಅದನ್ನು ಅಳಿಸಿ ಹಾಕುತ್ತವೆ. ಅದಕ್ಕೆ ಯಾರೂ ಅಳುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಹಾಕುವುದು ಇದ್ದೇ ಇದೆ.

ಮೈಸೂರಿನಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ. 1960ರ ದಶಕದ ಆರಂಭದಿಂದ ಅಲ್ಲಿ ಟಿಬೆಟಿಯನ್ನರು ನೆಲೆಸಿದ್ದಾರೆ. 1963ರಲ್ಲಿ ಪೆನೋರ್ ರಿಂಪೋಚೆ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠಕ್ಕೆ ನಮ್ಮೂರಿನವರು ಹೋಗುವುದು ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳ ಮುಂದೆ ಮೊಬೈಲ್ ಹಿಡಿಯಲು. ಆ ಪರಂಪರೆಯ ಮರಳಿನ ಮಂಡಲದ ಬಗ್ಗೆ ಕೇಳಿದವರು ಕಡಿಮೆ. ಭಿಕ್ಷುಗಳು ಮೊದಲು ಅಳತೆಯ ಗೆರೆಗಳನ್ನು ಎಳೆದುಕೊಂಡು ನಡುವಿನಿಂದ ಹೊರಕ್ಕೆ ಬಣ್ಣದ ಮರಳು ತುಂಬುತ್ತ ಬರುತ್ತಾರೆ. ಕೈಯಲ್ಲಿರುವುದು ಚಕ್‌ಪುರ್ ಎಂಬ ಸಣ್ಣ ಲೋಹದ ಕೊಳವೆ. ಅದರ ಮೈಮೇಲಿನ ಗೀರುಗಳನ್ನು ಇನ್ನೊಂದು ಕಡ್ಡಿಯಿಂದ ಉಜ್ಜಿದರೆ ಆ ಕಂಪನಕ್ಕೆ ಮರಳು ಸಣ್ಣ ಎಳೆಯಾಗಿ ಇಳಿಯುತ್ತದೆ. ಜೋರಾಗಿ ಉಜ್ಜಿದರೆ ಧಾರೆ ದಪ್ಪ, ಮೆಲ್ಲಗೆ ಉಜ್ಜಿದರೆ ಬೆರಳೆಣಿಕೆಯ ಹರಳು. ದಿನಗಟ್ಟಲೆ ಹೀಗೆ ಮಾಡಿ ಮುಗಿಸಿದ ಮೇಲೆ ಪೂಜೆ ಸಲ್ಲಿಸಿ, ಅಂಚಿನಿಂದ ನಡುವಿನತ್ತ ಗುಡಿಸಿ, ಮರಳನ್ನು ಹರಿಯುವ ನೀರಿಗೆ ಬಿಡುತ್ತಾರೆ.

ಅಮೆರಿಕದ ನೈರುತ್ಯ ಭಾಗದ ನವಾಹೋ ಜನರಲ್ಲೂ ಮರಳಿನ ಚಿತ್ರವಿದೆ. ಅಲ್ಲಿ ಅದು ಚಿಕಿತ್ಸೆಯ ವಿಧಿ. ನೆಲದ ಮೇಲೆ ಚಿತ್ರ ಬರೆದು, ಕಾಯಿಲೆಯವರನ್ನು ಅದರ ಮೇಲೆಯೇ ಕೂರಿಸಿ, ಮಂತ್ರಗಾನ ಮುಗಿದ ಮೇಲೆ ಅಳಿಸುತ್ತಾರೆ. ನಮ್ಮ ಅಂಗಳ, ಟಿಬೆಟಿನ ಮಠ, ಅಮೆರಿಕದ ಮರುಭೂಮಿ, ಒಬ್ಬರನ್ನೊಬ್ಬರು ನೋಡದ ಜನ. ಮೂರೂ ಕಡೆ ಚಿತ್ರಕ್ಕೆ ಕಟ್ಟುನಿಟ್ಟಿನ ವಿಧಿಯಿದೆ, ಬರೆದವರ ಸಹಿ ಇಲ್ಲ, ಗೋಡೆಗೆ ತೂಗುಹಾಕುವ ಆಸೆಯೂ ಇಲ್ಲ. ಇವನ್ನೆಲ್ಲ ಒಂದೇ ಎಂದು ಬೆರೆಸಿಬಿಡುವುದು ಸರಿಯಲ್ಲ, ಒಂದೊಂದಕ್ಕೂ ಅದರದೇ ದೇವರು, ಅದರದೇ ಕಾರಣ ಇದೆ. ಪುಸ್ತಕದಂಗಡಿಯ ಮಂಡಲದ ಬಣ್ಣ ತುಂಬುವ ಪುಸ್ತಕ ತಂದು ಸ್ಕೆಚ್ ಪೆನ್ನು ಆಡಿಸಿದರೆ ತಪ್ಪೇನಿಲ್ಲ. ಆದರೆ ಟಿಬೆಟಿನ ಸಾಧನೆ ಮಾಡಿದೆ ಎಂದು ಫೇಸ್‌ಬುಕ್ಕಿನಲ್ಲಿ ಹಾಕಿಕೊಳ್ಳುವುದು ಬೇಡ.

ಚುಕ್ಕಿಯ ಮಾತು ಬಂದಾಗ ಇಬ್ನ್ ಮುಕ್ಲಾನನ್ನು ಬಿಡಲಾರೆ. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ವಜೀರನಾಗಿದ್ದ ಈತ ಅರಬ್ಬೀ ಅಕ್ಷರಗಳಿಗೆ ಅಳತೆ ಕಟ್ಟಿದ. ಜೊಂಡಿನ ಲೇಖನಿಯನ್ನು ಓರೆಯಾಗಿ ಒತ್ತಿದರೆ ಬೀಳುವ ವಜ್ರಾಕಾರದ ಚುಕ್ಕಿಯೇ ಮಾನ. ಅಲಿಫ್ ಅಕ್ಷರ ಇಷ್ಟು ಚುಕ್ಕಿ ಎತ್ತರ, ಅದನ್ನೇ ವ್ಯಾಸವಾಗಿಟ್ಟ ವೃತ್ತದೊಳಗೆ ಉಳಿದ ಅಕ್ಷರಗಳ ಬಾಗು. ಕಲಿಯುವವರು ಇಂದಿಗೂ ಅಕ್ಷರದ ಪಕ್ಕ ಚುಕ್ಕಿ ಇಟ್ಟು ಅಳೆಯುತ್ತಾರೆ. ಇದನ್ನು ನನ್ನ ಮನೆಯ ಎದುರಿನ ಅಜ್ಜಿಗೆ ಹೇಳಿದೆ. "ಅವರೂ ಚುಕ್ಕಿ ಇಡುತ್ತಾರೇನಮ್ಮ!" ಎಂದು ಆಶ್ಚರ್ಯಪಟ್ಟರು.

ಇನ್ನು ನನ್ನ ಕಸುಬು. ಮೈಸೂರು ಶೈಲಿ ಈಗಿನ ರೂಪಕ್ಕೆ ಬರಲು ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯ ದೊಡ್ಡ ಕಾರಣ. ಹಳಬರು ಹುಣಸೆಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಹಾಕುತ್ತಿದ್ದರು. ಬಿಳಿ ಸೀಸದ ಪುಡಿ, ಗ್ಯಾಂಬೋಜ್ ಎಂಬ ಹಳದಿ ಅಂಟು, ಗೋಂದು ಸೇರಿಸಿ ಅರೆದರೆ ಜೆಸ್ಸೊ, ಚಿನ್ನದ ಕೆಳಗೆ ಉಬ್ಬು ಕೊಡುವ ಲೇಪ. (ಸೀಸ ವಿಷ. ಈಗ ನಾವು ಬೇರೆ ಬಿಳಿಪುಡಿ ಬಳಸುತ್ತೇವೆ, ಮನೆಯಲ್ಲಿ ಹಳೆಯ ಪಾಕ ಪ್ರಯೋಗಿಸಲು ಹೋಗಬೇಡಿ.) ತಂಜಾವೂರಿನವರ ಉಬ್ಬು ದಪ್ಪ, ನಮ್ಮದು ತೆಳು. ಆಭರಣದ ಒಂದೊಂದು ಮಣಿಯನ್ನೂ ಕುಂಚದ ತುದಿಯಿಂದ ಉಬ್ಬಿಸಿ, ಒಣಗಿಸಿ, ಚಿನ್ನದ ಹಾಳೆ ಅಂಟಿಸಬೇಕು. ಚಿನ್ನದ ಹಾಳೆ ಫ್ಯಾನಿನ ಗಾಳಿಗೂ ಹಾರುತ್ತದೆ, ನಿಟ್ಟುಸಿರಿಗೂ ಹಾರುತ್ತದೆ. ಆದ್ದರಿಂದ ಫ್ಯಾನ್ ಆರಿಸಿ, ಉಸಿರು ಸಣ್ಣದಾಗಿ ಎಳೆದು ಮೆಲ್ಲಗೆ ಬಿಡುತ್ತ ಕೆಲಸ ಮಾಡುತ್ತೇವೆ. ಉಸಿರನ್ನು ಗಮನಿಸಿ ಎಂದು ಯಾರೂ ಹೇಳಿಕೊಡುವ ಅಗತ್ಯವಿಲ್ಲ, ಗಮನಿಸದಿದ್ದರೆ ಚಿನ್ನ ಹೋಗುತ್ತದೆ. ಧ್ಯಾನಕ್ಕೆ ಕುಳಿತರೆ ಸಂತೆ ಸೇರುತ್ತದೆ ಎನ್ನುವವರಿಗೆ ನಾನು ಹೇಳಬೇಕಾಗಿದ್ದ ಮಾತು ಇದೇ.

ಜಪಾನು, ಚೀನಾದ ಕುಂಚಲಿಪಿಯವರಿಗೂ ಇಂತಹದೊಂದು ಉಪಾಯವಿದೆ. ಮಸಿಕಡ್ಡಿಯನ್ನು ಕಲ್ಲಿನ ಮೇಲೆ ತೊಟ್ಟು ನೀರಿನಲ್ಲಿ ತೇದು ತೇದು ಮಸಿ ಮಾಡಿಕೊಳ್ಳಬೇಕು. ಸೀಸೆಯ ಮಸಿ ಅಂಗಡಿಯಲ್ಲಿ ಸಿಗುತ್ತದೆ, ಆದರೂ ತೇಯುವ ಆ ಹೊತ್ತನ್ನು ಬಿಡಲು ಹಲವರಿಗೆ ಮನಸ್ಸಿಲ್ಲ. ಗಂಧ ತೇಯುವ ಮನೆಗಳಲ್ಲಿ ಬೆಳೆದ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

"ಆದರೆ ನನಗೆ ಚಿತ್ರ ಬರುವುದೇ ಇಲ್ಲವಲ್ಲ" ಎನ್ನುವವರು ಬಹಳ. ಅಡ್ಡಿಯಿಲ್ಲ. 2016ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ವಯಸ್ಕರಿಗೆ 45 ನಿಮಿಷ ಚಿತ್ರ, ಜೇಡಿಮಣ್ಣು, ಕೊಲಾಜ್ ಕೆಲಸ ಮಾಡಿಸಿ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ, ಸುಮ್ಮನೆ ಕುಳಿತಿದ್ದರೂ ಇಳಿಯುತ್ತಿತ್ತೇನೋ. ಅಷ್ಟು ಜಾಗ್ರತೆಯಿಂದಲೇ ಅದನ್ನು ಓದಬೇಕು.

ಕೈ ಆಡಿಸಲು ನಿಜಕ್ಕೂ ಇಷ್ಟವಿಲ್ಲದವರು ನೋಡುವುದನ್ನು ಕಲಿಯಲಿ. ಇದು ನನಗೆ ಬರೆಯುವುದಕ್ಕಿಂತಲೂ ಕಷ್ಟದ ಕೆಲಸವಾಗಿ ಕಂಡಿದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿ ಎಣಿಸಿದಾಗ ಜನ ಒಂದು ಕಲಾಕೃತಿಯ ಮುಂದೆ ನಿಲ್ಲುವುದು ಸರಾಸರಿ 27 ಸೆಕೆಂಡು ಎಂದು 2001ರಲ್ಲಿ ಪ್ರಕಟವಾಯಿತು. ನಮ್ಮ ಜಗನ್ಮೋಹನ ಅರಮನೆಯಲ್ಲಿ ಶಾಲೆಯ ಪ್ರವಾಸದ ಮಕ್ಕಳನ್ನು ಮೇಷ್ಟ್ರು ತಳ್ಳಿಕೊಂಡು ಹೋಗುವ ವೇಗ ನೋಡಿದರೆ ಅದೂ ಧಾರಾಳವೇ. ಹಾರ್ವರ್ಡಿನ ಕಲಾ ಇತಿಹಾಸಕಾರ್ತಿ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಚಿತ್ರವನ್ನು ಮೂರು ಗಂಟೆ ನೋಡಿ ಬರಲು ಹೇಳುತ್ತಾರೆ. ಮೂರು ಗಂಟೆ ನಾನು ಹೇಳಲಾರೆ. ಕಾಲು ಗಂಟೆ ಸಾಕು.

ಜಗನ್ಮೋಹನದಲ್ಲೇ ಎಸ್. ಎಲ್. ಹಲ್ದಾಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ರವಿವರ್ಮನದು ಎಂದು ಅರ್ಧ ಊರು ನಂಬಿದೆ. ರೂಪದರ್ಶಿಯಾಗಿ ನಿಂತವರು ಕಲಾವಿದರ ಮಗಳು ಗೀತಾ. ಅದು ಜಲವರ್ಣ ಎಂಬುದನ್ನು ಮನಸ್ಸಿನಲ್ಲಿಟ್ಟು ನೋಡಿ. ಎಣ್ಣೆಬಣ್ಣದ ಹಾಗೆ ಮೇಲೆ ಬಳಿದು ತಿದ್ದುವ ಸೌಕರ್ಯ ಅದರಲ್ಲಿಲ್ಲ. ದೀಪವನ್ನು ಮರೆಮಾಡಿದ ಕೈಯ ಬೆರಳುಗಳೊಳಗಿಂದ ಬೆಳಕು ಕೆಂಪಾಗಿ ಸೋರುತ್ತದೆ. ಆ ಕೆಂಪು ಎಲ್ಲಿ ನಿಲ್ಲುತ್ತದೆ, ಸೀರೆಯ ನೆರಿಗೆಯಲ್ಲಿ ಬೆಳಕು ಎಷ್ಟು ದೂರ ಇಳಿಯುತ್ತದೆ ಎಂದು ಹುಡುಕುತ್ತ ಹೋದರೆ ಕಾಲು ಗಂಟೆ ಸಾಲುವುದಿಲ್ಲ. 1861ರ ಈ ಅರಮನೆ 1915ರಿಂದ ಚಿತ್ರಶಾಲೆ. 1933ರಲ್ಲಿ ನಾಲ್ವಡಿಯವರು ಇದರದೇ ಒಂದು ಭಾಗವನ್ನು ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಗೆ ಕೊಟ್ಟರು. ಗೋಕುಲಂಗೆ ಜಗತ್ತು ಬರುತ್ತಿರುವುದರ ಬೇರು ಅಲ್ಲಿದೆ. ಯೋಗಕ್ಕೆಂದು ಬಂದವರು ಚಿತ್ರಗಳನ್ನೂ ನೋಡಿ ಹೋಗಲಿ ಎಂದು ನನ್ನ ಆಸೆ.

ಸೋಮನಾಥಪುರಕ್ಕೂ ಇದೇ ಮಾತು. 1258ರ ಆ ಕೇಶವ ದೇವಾಲಯದಲ್ಲಿ ಎಲ್ಲವನ್ನೂ ನೋಡಲು ಹೋದರೆ ಏನೂ ನೋಡಿದ ಹಾಗಾಗುವುದಿಲ್ಲ. ಕೆಳಗಿನ ಆನೆಗಳ ಸಾಲೊಂದನ್ನೇ ಹಿಡಿದು ಗುಡಿಯ ಸುತ್ತ ಒಂದು ಸುತ್ತು ಬನ್ನಿ. ದೂರದಿಂದ ಒಂದೇ ಅಚ್ಚಿನವು ಎನಿಸುವ ಆನೆಗಳಲ್ಲಿ ಸೊಂಡಿಲಿನ ಬಾಗು ಬೇರೆ, ಹೆಜ್ಜೆ ಬೇರೆ. ಬಳಪದ ಕಲ್ಲು ಕೆತ್ತುವಾಗ ಮೆದುವಾಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಉಗುರಿನಷ್ಟು ಸಣ್ಣ ಕೆಲಸವೂ ಅದರಲ್ಲಿ ಉಳಿದಿದೆ. ಮಲ್ಲಿತಮ್ಮನಂತಹ ಶಿಲ್ಪಿಗಳು ತಮ್ಮ ಹೆಸರನ್ನೂ ಕೆತ್ತಿದ್ದಾರೆ, ಅದನ್ನು ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ.

ಕೊನೆಗೆ ಎಲ್ಲರೂ ಕೇಳುವುದು, "ಹಾಗಾದರೆ ನೀವು ತುಂಬ ನೆಮ್ಮದಿಯಾಗಿದ್ದೀರಿ ಅಲ್ಲವೇ?" ದಸರಾ ಹತ್ತಿರ ಬಂದಾಗ, ಒಪ್ಪಿಕೊಂಡ ಚಿತ್ರ ಒಣಗದೆ ಕುಳಿತಿರುವಾಗ ನನ್ನ ಮನೆಗೆ ಬಂದು ನೋಡಿ. ಮಾರುವುದಕ್ಕೆಂದು ಬರೆಯುವ ಚಿತ್ರದಲ್ಲಿ ಗಡುವು ಇರುತ್ತದೆ, ಗಿರಾಕಿ ಇರುತ್ತಾನೆ, ಸೊಂಟನೋವು ಇರುತ್ತದೆ. ಶಾಂತಿ ಬರುವುದು ಯಾರಿಗೂ ತೋರಿಸಬೇಕಾಗಿಲ್ಲದ ಅಭ್ಯಾಸದ ಗೆರೆಗಳಲ್ಲಿ. ಅದೂ ದಿನಾ ಬರುವುದಿಲ್ಲ. ಮತ್ತೆ, ವಾರಗಟ್ಟಲೆ ನಿದ್ದೆಯಿಲ್ಲದವರು, ಬದುಕೇ ಬೇಡ ಎನಿಸುತ್ತಿರುವವರು ನನ್ನ ತರಗತಿಗೆ ಬರುವ ಮೊದಲು ವೈದ್ಯರ ಬಳಿ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಕುಂಚ ಔಷಧವಲ್ಲ.

ಉಳಿದವರು ಯಾವುದರಿಂದ ಶುರು ಮಾಡಬೇಕು? ಸಂದು ಚುಕ್ಕಿ, ಏಳರಿಂದ ನಾಲ್ಕು. ನಡುವಿನ ಸಾಲಿನಲ್ಲಿ ಏಳು ಚುಕ್ಕಿ, ಅದರ ಮೇಲೂ ಕೆಳಗೂ ಸಂದಿಗೆ ಸಂದಿ ಬರುವಂತೆ ಆರು, ಐದು, ನಾಲ್ಕು. ಅಪಾರ್ಟ್‌ಮೆಂಟಿನಲ್ಲಿ ಅಂಗಳವಿಲ್ಲದಿದ್ದರೆ ಹಳೆಯ ನೋಟ್‌ಬುಕ್ಕಿನ ಹಿಂಬದಿ ಸಾಕು. ಗಂಡಸರೂ ಹಾಕಬಹುದು, ಚುಕ್ಕಿಗಳು ಆಕ್ಷೇಪಿಸುವುದಿಲ್ಲ. ಎಳೆ ಕೂಡುವವರೆಗೆ ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ, ಮುಗಿದ ಮೇಲೆ ಅದರ ಫೋಟೋ ನನಗೆ ಕಳಿಸಬೇಡಿ.