ಪೋಖರಾಕ್ಕೆ ಯಾವಾಗ ಬರಬೇಕು, ಅತ್ತೆ?

ನಾನಿರುವುದು ನೇಪಾಳದ ಪೋಖರಾದಲ್ಲಿ. ರಜೆಗೆ ಚಿಕ್ಕಬಳ್ಳಾಪುರಕ್ಕೆ ಬಂದಿದ್ದೇನೆ. ಮೊನ್ನೆ ಬೆಳಿಗ್ಗೆ ತಾರಸಿ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಸೋದರತ್ತೆ ಕೇಳಿದರು: "ಈ ಸಲ ಯುಗಾದಿ ಮುಗಿಸ್ಕೊಂಡು ನಿಮ್ಮ ಪೋಖರಾಕ್ಕೆ ಬಂದ್‌ಬಿಡ್ತೀನಿ ಕಣೇ. ಹಂಗೇ ಮುಕ್ತಿನಾಥನ ದರ್ಶನಾನೂ ಆಗೋಗ್ಲಿ. ಹಿಮಾಲಯದ ಊರು, ಪಕ್ಕದಲ್ಲೇ ಕೆರೆ. ಬೇಸಿಗೇಲೂ ತಂಪಾಗಿರುತ್ತೆ, ಅಲ್ವಾ?"

ಅತ್ತೆಗೆ ಉಬ್ಬಸ ಇದೆ. ಇನ್‌ಹೇಲರ್ ಇಲ್ಲದೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಅದಕ್ಕೇ ಸುಮ್ನೆ "ಬನ್ನಿ" ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಕಡೆಯಿಂದ ಮುಕ್ತಿನಾಥಕ್ಕೆ ಹೊರಡುವವರೂ ಸಾಮಾನ್ಯವಾಗಿ ಪೋಖರಾ ದಾಟಿಯೇ ಹೋಗುವುದರಿಂದ, ಅವರಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತಿದ್ದೇನೆ.

ಪೋಖರಾ ಹಿಮದ ಬೆಟ್ಟಗಳ ಬುಡದಲ್ಲಿದೆ, ನಿಜ. ಆದರೆ ಊರು ಎತ್ತರದಲ್ಲಿಲ್ಲ. ಸಮುದ್ರಮಟ್ಟದಿಂದ ಸುಮಾರು 820 ಮೀಟರ್. ನಮ್ಮ ಚಿಕ್ಕಬಳ್ಳಾಪುರ 900 ಮೀಟರ್ ದಾಟುತ್ತದೆ! ಎದುರಿಗೆ ಹಿಮ ಕಾಣುತ್ತಿದ್ದರೂ ಮೇ ತಿಂಗಳಲ್ಲಿ ಅಲ್ಲಿ ಬೆವರು ಇಳಿಯುತ್ತದೆ.

ಸೆಕೆಯನ್ನಾದರೂ ತಡೆದುಕೊಳ್ಳಬಹುದು. ನನಗೆ ಭಯ ಹೊಗೆಯದ್ದು.

ನಾನು ಹೋದ ಮೊದಲ ವರ್ಷ, ಮಾರ್ಚ್‌ನ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಚ್ಛಪುಚ್ಛ್ರೆ ಇಲ್ಲ. 6,993 ಮೀಟರಿನ ಬೆಟ್ಟ, ಮೀನಿನ ಬಾಲದ ಹಾಗೆ ಕವಲೊಡೆದ ತುದಿ. ಊರಿನಿಂದ ಸುಮಾರು 25 ಕಿಲೋಮೀಟರ್ ದೂರ, ಅಷ್ಟೇ. ನಮಗೆ ಇಲ್ಲಿ ನಂದಿ ಬೆಟ್ಟ ಕಾಣದಿದ್ದರೆ ಮಂಜು ಕವಿದಿದೆ ಅಂತ ಖುಷಿ. ಅಲ್ಲೂ ಹಾಗೇ ಅಂದುಕೊಂಡು ಫೋಟೊ ತೆಗೆದು ಮನೆಗೆ ಕಳಿಸಿದೆ. ಹತ್ತು ಗಂಟೆಯಾದರೂ ಅದು ಕರಗಲಿಲ್ಲ. ಮಧ್ಯಾಹ್ನವೂ ಹಾಗೇ. ಸೂರ್ಯ ಕೆಂಪಗೆ ಕಾಣುತ್ತಿದ್ದ, ಗಂಟಲಲ್ಲಿ ಕೆರೆತ. ಪಕ್ಕದ ಮನೆಯ ದೀದಿ "ತುವಾಂಲೋ" ಅಂದರು. ನೇಪಾಳಿಯಲ್ಲಿ ಮಂಜಿಗೆ ಕುಹಿರೋ ಅನ್ನುತ್ತಾರೆ. ಹೊಗೆ, ಧೂಳು ಸೇರಿ ಕವಿಯುವ ಮಬ್ಬಿಗೆ ತುವಾಂಲೋ. ಎರಡೂ ಬೇರೆ ಬೇರೆ ಅಂತ ಅಲ್ಲಿನ ಮಕ್ಕಳಿಗೂ ಗೊತ್ತು.

ಚಳಿಗಾಲದಲ್ಲಿ ಅಲ್ಲಿ ಮಳೆ ಕಡಿಮೆ. ಫೆಬ್ರವರಿ ಕಳೆಯುವ ಹೊತ್ತಿಗೆ ಕಾಡಿನ ನೆಲದ ತುಂಬ ಒಣ ತರಗೆಲೆ. ಎಲ್ಲೋ ಹಚ್ಚಿದ ಕಿಡಿ ಗುಡ್ಡವನ್ನೇ ಹಿಡಿಯುತ್ತದೆ. ರಾತ್ರಿ ಹೊತ್ತು ಬೆಟ್ಟದ ಮೇಲೆ ಬೆಂಕಿಯ ಸಾಲು ಹರಿದಾಡುವುದನ್ನು ಕಿಟಕಿಯಿಂದ ನೋಡಿದ್ದೇನೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೆಳಗಿನ ಬಯಲಿನಲ್ಲಿ ಸುಟ್ಟ ಕೂಳೆಯ ಹೊಗೆಯೂ ಗಾಳಿ ಹಿಡಿದು ಬರುತ್ತದೆ. ಊರು ಬಟ್ಟಲಿನ ತಳದಲ್ಲಿ ಕೂತಿದೆ. ರಾತ್ರಿ ತಣ್ಣನೆಯ ಗಾಳಿ ಕೆಳಗೆ ಇಳಿಯುತ್ತದೆ, ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಹೊಗೆ ಹೋಗುವುದೆಲ್ಲಿಗೆ? 2021ರ ಮಾರ್ಚ್ ಕೊನೆಯಲ್ಲಿ ಗಾಳಿ ಎಷ್ಟು ಕೆಟ್ಟಿತ್ತೆಂದರೆ, ನೇಪಾಳ ಸರ್ಕಾರ ದೇಶದ ಶಾಲೆಗಳನ್ನೇ ನಾಲ್ಕು ದಿನ ಮುಚ್ಚಿಸಿತ್ತು.

ಪಿಎಂ 2.5 ಅನ್ನುವ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನಕ್ಕೆ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ದಿನಗಳಲ್ಲಿ ಬೆಳಿಗ್ಗೆ ಫೋನಿನಲ್ಲಿ ಅಂಕಿ ನೋಡಿಯೇ ನಾನು ಕಿಟಕಿ ತೆಗೆಯುವುದು. ಅಂಥ ಗಾಳಿಗೆ ಅತ್ತೆಯನ್ನು ಹೇಗೆ ಕರೆಯಲಿ?

ಯಾತ್ರೆಗೂ ತೊಂದರೆಯೇ. ಪೋಖರಾದಿಂದ ಮುಕ್ತಿನಾಥದ ದಾರಿಯಲ್ಲಿರುವ ಜೋಮ್‌ಸೋಮ್‌ಗೆ ಸಣ್ಣ ವಿಮಾನ ಹಾರುವುದು ಬೆಳಿಗ್ಗೆ ಮಾತ್ರ, ಆಮೇಲೆ ಆ ಕಣಿವೆಯಲ್ಲಿ ಗಾಳಿ ಜೋರು. ಬೆಳಿಗ್ಗೆಯೇ ಮಬ್ಬು ಕವಿದರೆ ಆ ದಿನ ಹೋಯಿತು. ಮುಕ್ತಿನಾಥ ಇರುವುದು 3,700 ಮೀಟರಿಗಿಂತ ಮೇಲೆ. ಹೊಗೆ ಕುಡಿದ ಎದೆ ಹೊತ್ತುಕೊಂಡು ಅಲ್ಲಿಗೆ ಹತ್ತುವುದು ಬೇಡ.

ಈ ಮಬ್ಬನ್ನು ತೊಳೆಯುವುದು ಮಳೆ ಒಂದೇ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಆಲಿಕಲ್ಲು ಬೀಳುತ್ತದೆ. ನಮ್ಮಲ್ಲಿ ಆಲಿಕಲ್ಲು ಅಂದರೆ ದ್ರಾಕ್ಷಿ ತೋಟದವರ ಎದೆ ಒಡೆಯುತ್ತದೆ. ಅಲ್ಲೂ ಬೆಳೆಗೆ ಪೆಟ್ಟೇ. ಆದರೆ ಮಾರನೆಯ ಬೆಳಿಗ್ಗೆ ಬೆಟ್ಟ ತೊಳೆದಿಟ್ಟ ಹಾಗೆ ಎದುರಿಗೆ ನಿಂತಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆಯ ಊರದು, ಅದರಲ್ಲಿ ಮುಕ್ಕಾಲು ಪಾಲು ಈ ನಾಲ್ಕು ತಿಂಗಳಲ್ಲೇ. ಗುಡ್ಡ ಕುಸಿದು ರಸ್ತೆ ಮುಚ್ಚಿಹೋಗುತ್ತದೆ.

ಹಾಗಾಗಿ ನನ್ನ ಮಾತು ಒಂದೇ: ದಸರಾ ಕಳೆದ ಮೇಲಿನ ಹುಣ್ಣಿಮೆ ದಾಟಲಿ. ಅವರ ದಶೈಂ ಹಬ್ಬ ಆವತ್ತಿಗೆ ಮುಗಿಯುತ್ತದೆ, ಬಸ್ಸುಗಳಲ್ಲಿ ಜಾಗ ಸಿಗುತ್ತದೆ. ಆಗ ಗಾಳಿ ತಿಳಿಯಾಗಿರುತ್ತದೆ. ಬೆಳಿಗ್ಗೆ ಬೇಗ ಹೋದರೆ ಫೇವಾ ಕೆರೆಯ ನೀರಿನಲ್ಲಿ ಮಚ್ಛಪುಚ್ಛ್ರೆ ತಲೆಕೆಳಗಾಗಿ ಕಾಣುತ್ತದೆ. ಆ ನೋಟವನ್ನು ಅತ್ತೆಗೆ ತೋರಿಸಬೇಕು ಅಂತ ನನಗೆ ಎಷ್ಟು ಆಸೆ!

ಅತ್ತೆ ಎಲ್ಲಾ ಕೇಳಿಸಿಕೊಂಡರು. "ಗೊಂಬೆ ಎತ್ತಿಟ್ಟೇ ಬರ್ತೀನಿ ಬಿಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಅಲ್ಲಿರೋ ನನ್ನಂಥೋರು ಏನ್ ಮಾಡ್ತಾರೆ?"

ದೀದಿಯ ಅತ್ತೆಗೂ ಉಬ್ಬಸ. ಚೈತ್ರ ಪೂರ್ತಿ ಕಿಟಕಿ ಮುಚ್ಚಿ ಒಳಗೇ ಇರುತ್ತಾರೆ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು ಕೇಳಿದರೆ, ಮನೆಯಲ್ಲಿ ಮೊದಲು ಎದ್ದು ಹೋಗಿ ಕಿಟಕಿ ತೆಗೆಯುವವರು ಅವರೇ.